ನನ್ನದೂ ಒಂದು ವೇಷ

ನಮ್ಮ ಉಡುಪಿ, ಕಾರ್ಕಳದ ಕಡೆ ‘ಆಟ’ ಅಂದರೆ ಯಕ್ಷಗಾನ. ‘ನಾನು ಆಟ ಶುರು ಮಾಡಿ ಇಪ್ಪತ್ತು ವರ್ಷವಾಯಿತು’ ಎಂದು ಮದುವೆ ಮನೆಯ ಪಂಕ್ತಿಯಲ್ಲಿ ಹೇಳಿ ನೋಡಿ, ‘ಹೌದಾ? ಯಾವ ಮೇಳ?’ ಎಂದು ಕೇಳುತ್ತಾರೆ. ಮೊಬೈಲಿನಲ್ಲಿ ಆಡುವ ಆಟ ಎಂದು ಬಿಡಿಸಿ ಹೇಳಿದೆನೋ, ಮುಖ ಬದಲಾಗುತ್ತದೆ. ‘ಎಂತ ಮಾರಾಯ್ತಿ, ಮಕ್ಕಳ ಹಾಗೆ!’ ಎನ್ನುವವರು ಕೆಲವರು. ‘ದುಡ್ಡು ಹೋದೀತು, ಜಾಗ್ರತೆ’ ಎನ್ನುವವರು ಹಲವರು.

ಸೋದರಿಯರೇ, ದುಡ್ಡಿನ ಚಿಂತೆಯವರಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು. ನಾನು ಹೇಳುತ್ತಿರುವುದು ಅದಲ್ಲ. ಇದರಲ್ಲಿ ಪಣವಿಲ್ಲ. ಒಂದು ವೇಷ ತೊಟ್ಟು, ಒಂದು ಕಲ್ಪನೆಯ ರಾಜ್ಯದೊಳಗೆ ಹೊಕ್ಕು, ಬೇರೆ ಬೇರೆ ದೇಶದವರೊಂದಿಗೆ ಒಂದೇ ಹೊತ್ತಿಗೆ ಬದುಕು ಮಾಡುವ ಆಟ ಇದು.

ನಮಗೆ ಇದು ತೀರ ಹೊಸತೂ ಅಲ್ಲ. ತಾಳಮದ್ದಳೆಯನ್ನು ನೆನಪಿಸಿಕೊಳ್ಳಿ. ಬಣ್ಣವಿಲ್ಲ, ಕಿರೀಟವಿಲ್ಲ. ಪಂಚೆ ಉಟ್ಟು ಕುಳಿತ ಅರ್ಥಧಾರಿಗಳು ಒಬ್ಬರು ಕರ್ಣ, ಎದುರಿನವರು ಕೃಷ್ಣ. ಪ್ರಸಂಗ ಎಲ್ಲರಿಗೂ ಗೊತ್ತಿದ್ದದ್ದೇ, ಮಾತು ಮಾತ್ರ ಆ ಕ್ಷಣಕ್ಕೆ ಹುಟ್ಟಿದ್ದು. 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವೂ ಹೀಗೆಯೇ, ಮೇಜಿನ ಸುತ್ತ ಕೂತು ಬಾಯಿಮಾತಿನಲ್ಲೇ ಪಾತ್ರ ವಹಿಸುವುದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ಹಲವರು ಒಟ್ಟಿಗೆ ಆಡುವ ಅಂಥದೊಂದು ಆಟವನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಅದರಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. ಬಣ್ಣ ಹಚ್ಚಿದ ಬಯಲಾಟ ಬಂದದ್ದು ಆಮೇಲೆ. ನಾನಾಡುವ ‘ರೂನ್‌ಸ್ಕೇಪ್’ 2001ರ ಜನವರಿಯಲ್ಲಿ ಆಂಡ್ರ್ಯೂ ಮತ್ತು ಪಾಲ್ ಗೋವರ್ ಎಂಬ ಇಂಗ್ಲೆಂಡಿನ ಅಣ್ಣತಮ್ಮಂದಿರು ಹೊರತಂದದ್ದು.

ನನಗೆ ಅದರ ಪರಿಚಯವಾದದ್ದು 2005ರಲ್ಲಿ, ಮಣಿಪಾಲದಲ್ಲಿ. ಹೈಸ್ಕೂಲು ಮುಗಿಸಿ ಕಾಪುವಿನ ಮನೆಯಲ್ಲಿ ಹೊಲಿಗೆ ಮಾಡಿಕೊಂಡಿದ್ದ ನನ್ನನ್ನು ಅಣ್ಣ ತನ್ನ ಸೈಬರ್ ಕೆಫೆಯಲ್ಲಿ ಕೂರಿಸಿದ. ಯಾರು ಎಷ್ಟು ಹೊತ್ತು ಕೂತರು ಎಂದು ಬರೆದುಕೊಂಡು ದುಡ್ಡು ತೆಗೆದುಕೊಳ್ಳುವುದು ನನ್ನ ಕೆಲಸ. ಕಾಲೇಜು ಹುಡುಗರು ಸಂಜೆ ಬಂದು ಆಡುತ್ತಿದ್ದರು. ಬೆಳಿಗ್ಗೆ ಕೆಫೆ ಖಾಲಿ ಇದ್ದಾಗ ನಾನೂ ಒಂದು ವೇಷ ಕಟ್ಟಿದೆ.

ಅಲ್ಲಿ ಮೊದಲು ಕಲಿಸುವುದೇನು ಗೊತ್ತೇ? ಯುದ್ಧವಲ್ಲ. ಕಟ್ಟಿಗೆ ಕಡಿದು, ಬೆಂಕಿ ಹೊತ್ತಿಸಿ, ಸಣ್ಣ ಬಲೆಯಲ್ಲಿ ಸಿಗಡಿ ಹಿಡಿದು ಬೇಯಿಸುವುದು! ಕಾಪುವಿನ ಕಡಲ ಬದಿಯಲ್ಲಿ ಬೆಳೆದ ನನ್ನ ಕೈಯಲ್ಲೇ ಆ ಸಿಗಡಿ ಸೀದು ಕರಕಲಾಯಿತು. ನಕ್ಕು ನಕ್ಕು ಸಾಕಾಯಿತು. ಮುಂದೆ ಅರಮನೆಯ ಅಡುಗೆಯವನೊಬ್ಬ ಕಂಗಾಲಾಗಿ ನಿಂತಿರುತ್ತಾನೆ. ದೊರೆಯ ಹುಟ್ಟುಹಬ್ಬಕ್ಕೆ ಕೇಕು ಆಗಬೇಕು, ಹಾಲಿಲ್ಲ, ಮೊಟ್ಟೆಯಿಲ್ಲ, ಹಿಟ್ಟಿಲ್ಲ. ನಾವು ದನ ಕರೆದು, ಮೊಟ್ಟೆ ಹುಡುಕಿ ತಂದು, ಗೋಧಿ ಕಿತ್ತು ಗಾಳಿಗಿರಣಿಯಲ್ಲಿ ಹಿಟ್ಟು ಮಾಡಿ ತಂದುಕೊಡಬೇಕು. ಸಾಮಾನಿಲ್ಲದ ಅಡುಗೆಮನೆಯ ಸಂಕಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಿಡಿದ ಮೀನು, ಕಡಿದ ಕಟ್ಟಿಗೆ ಮಾರಲು ‘ವ್ಯಾರಕ್’ ಎಂಬ ಪೇಟೆಗೆ ಹೋಗಬೇಕು. ಅಲ್ಲಿಯ ಬ್ಯಾಂಕಿನ ಎದುರು ಜನ ಗುಂಪುಗಟ್ಟಿ ಬೆಲೆ ಕೂಗುವುದು ನೋಡಿದರೆ ಮಲ್ಪೆ ಬಂದರಿನ ಮೀನಿನ ಏಲಂ ನೆನಪಾಗುತ್ತಿತ್ತು. ಕನ್ನಡ ಶಾಲೆಯಲ್ಲಿ ಕಲಿತ ನಾನು ಎರಡು ಸಾಲು ಇಂಗ್ಲಿಷ್ ತಡವರಿಸದೆ ಬರೆಯಲು ಕಲಿತದ್ದು ಆ ಚೌಕಾಶಿಯಲ್ಲೇ.

ಆದರೆ ಒಂದು ಉಪದ್ರ ಇತ್ತು. ನನ್ನದು ಉದ್ದ ಕೂದಲಿನ ಹೆಣ್ಣುವೇಷ. ಕಂಡಕಂಡವರೆಲ್ಲ ‘ನನ್ನ ಗರ್ಲ್‌ಫ್ರೆಂಡ್ ಆಗುತ್ತೀಯಾ?’ ಎಂದು ಹಿಂದೆ ಹಿಂದೆ ಬರುವುದು. ಬೇಡವೆಂದರೆ ಬೈಗುಳ. ಎಷ್ಟೋ ಸಲ ಹಿಡಿದ ಮೀನನ್ನು ಹಾಗೆಯೇ ಬಿಟ್ಟು ಹೊರಬಂದದ್ದುಂಟು.

2007ರಲ್ಲಿ ಮದುವೆಯಾಗಿ ಕಾರ್ಕಳಕ್ಕೆ ಬಂದೆ. ಆಮೇಲೆ ಆಟ ಅಂದರೆ ತವರಿಗೆ ಹೋದಾಗ ಅಣ್ಣನ ಕೆಫೆಯಲ್ಲಿ ಒಂದೆರಡು ಗಂಟೆ, ಅಷ್ಟೇ. ಈ ನಡುವೆ 2013ರಲ್ಲಿ ಆಟಗಾರರ ಮತ ಕೇಳಿ ಹಳೆಯ ರೂಪದ ಆಟವನ್ನು ಹೊಸದಾಗಿ ತೆರೆದರು. 2018ರ ಅಕ್ಟೋಬರಿನಲ್ಲಿ ಅದು ಮೊಬೈಲಿಗೂ ಬಂತು. ಅದೇ ವರ್ಷದ ಕೊನೆಗೆ ನಮ್ಮ ಅತ್ತೆಗೆ ಪಕ್ಷವಾತವಾಯಿತು.

ಮಲಗಿದಲ್ಲೇ ಇರುವವರ ಸೇವೆ ಮಾಡಿದವರಿಗೆ ಹೇಳಬೇಕಾಗಿಲ್ಲ. ಬೆನ್ನು ಹುಣ್ಣಾಗಬಾರದೆಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನಿದ್ದೆ ಮಾಡಿದರೆ ಏಳುವುದು ಕಷ್ಟ, ಎದ್ದಿದ್ದರೆ ರಾತ್ರಿ ಕಳೆಯುವುದು ಕಷ್ಟ. ಮನೆಯವರು ಬೆಳಿಗ್ಗೆ ಅಂಗಡಿ ತೆರೆಯಬೇಕು, ಮಗಳು ಸಣ್ಣವಳು. ಆ ಕತ್ತಲೆಯಲ್ಲಿ ಮೊಬೈಲಿನ ಆಟವೇ ನನಗೆ ಜೊತೆಯಾಯಿತು. ಈ ಸಲ ನಾನು ಹೆಣ್ಣುವೇಷ ಹಾಕಲಿಲ್ಲ. ಮುಖದ ತುಂಬ ಗಡ್ಡ ಇಟ್ಟು ಗಂಡುವೇಷ ಕಟ್ಟಿದೆ.

ಗಡ್ಡ ಬಂದದ್ದೇ ತಡ, ಹಿಂದೆ ಬೀಳುವವರೇ ಇಲ್ಲ! ಒಂದು ಮೇಳಕ್ಕೂ ಸೇರಿದೆ. ಫಿಲಿಪ್ಪೀನ್ಸ್, ಬ್ರೆಜಿಲ್, ಇಂಗ್ಲೆಂಡ್ ಎಂದು ನಾನಾ ಕಡೆಯವರು. ಅವರು ಕಾಳಗಕ್ಕೆ ಹೋಗುವವರು. ಕಾಳಗದಲ್ಲಿ ಪ್ರಾಣ ಕುಂದಿದಾಗ ಬೇಯಿಸಿದ ಮೀನು ತಿಂದರೆ ಚೇತರಿಸಿಕೊಳ್ಳುತ್ತಾರೆ. ಮೀನು ಬೇಯಿಸಿಕೊಡುವ ಕೆಲಸ ನಾನು ವಹಿಸಿಕೊಂಡೆ. ಏಡಿ ಜಾತಿಯ ದೊಡ್ಡ ಲಾಬ್‌ಸ್ಟರ್ ಹಿಡಿಯುವುದು, ಬೇಯಿಸುವುದು, ಹಂಚುವುದು. ನಡುವೆ ಎದ್ದು ಅತ್ತೆಯನ್ನು ತಿರುಗಿಸಿ, ಬಾಯಿಗೆ ನೀರು ಬಿಟ್ಟು ಬಂದರೂ ಏನೂ ಕೆಡುವುದಿಲ್ಲ. ಮೇಳದವರು ನನ್ನನ್ನು ‘ಚೆಫ್’ ಎಂದು ಕರೆಯುತ್ತಿದ್ದರು. ಯಾವ ಮೀನನ್ನು ಎಷ್ಟನೆಯ ಮೆಟ್ಟಿಲಲ್ಲಿ ಬೇಯಿಸಿದರೆ ಸೀಯುವುದಿಲ್ಲ ಎಂದು ಹೊಸಬರು ಬಂದು ಕೇಳುತ್ತಿದ್ದರು.

ಈ ಆಟದಲ್ಲಿ ಪ್ರತಿ ವಿದ್ಯೆಗೂ 99 ಮೆಟ್ಟಿಲು. ಅಂಕದ ಲೆಕ್ಕದಲ್ಲಿ 92ನೆಯ ಮೆಟ್ಟಿಲು ಬಂದಾಗ ನೀವು ಅರ್ಧ ದಾರಿಯಲ್ಲಿದ್ದೀರಿ! ಒಟ್ಟು 1 ಕೋಟಿ 30 ಲಕ್ಷಕ್ಕೂ ಮಿಕ್ಕಿ ಅಂಕ ಬೇಕು. 2021ರಲ್ಲಿ ಒಂದು ರಾತ್ರಿ ನನಗೆ ಅಡುಗೆಯಲ್ಲಿ 99 ಆಯಿತು. ನನ್ನ ಗಡ್ಡದವನ ತಲೆಯ ಮೇಲೆ ಬಣ್ಣದ ಪಟಾಕಿ ಹಾರಿತು. ಮೇಳದವರೆಲ್ಲ ಸುತ್ತ ನಿಂತು ಅಭಿನಂದನೆ ಬರೆದರು. ಇಷ್ಟು ವರ್ಷ ಮನೆಯಲ್ಲಿ ಅಡುಗೆ ಮಾಡಿದ್ದೇನೆ, ಉಪ್ಪು ಹೆಚ್ಚಾದಾಗ ಹೇಳಿದವರಿದ್ದಾರೆ. ಲೆಕ್ಕವಿಟ್ಟು ಮೆಚ್ಚಿದವರು ಯಾರಿದ್ದಾರೆ ಹೇಳಿ!

ಅದೇ ವರ್ಷ ಆಷಾಢದಲ್ಲಿ ಅತ್ತೆ ತೀರಿಕೊಂಡರು. ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ರಾತ್ರಿ ಅಭ್ಯಾಸಬಲದಿಂದ ಎಚ್ಚರವಾಯಿತು. ತಿರುಗಿಸಲು ಯಾರೂ ಇಲ್ಲ. ಮೊಬೈಲು ತೆರೆದೆ. ‘ಎಲ್ಲಿದ್ದೆ ಚೆಫ್?’ ಎಂದರು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ‘ಅತ್ತೆ ಹೋದರು. ಮೂರು ವರ್ಷ ರಾತ್ರಿ ಅವರ ಬಳಿ ಕೂತೇ ನಿಮ್ಮೊಂದಿಗೆ ಆಡುತ್ತಿದ್ದೆ. ನಾನು ಗಂಡಸಲ್ಲ, ಒಬ್ಬ ಗೃಹಿಣಿ’ ಎಂದು ಬರೆದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಫಿಲಿಪ್ಪೀನ್ಸಿನ ಹುಡುಗನೊಬ್ಬ ನನ್ನ ಪಕ್ಕ ಕಟ್ಟಿಗೆ ಇಟ್ಟು ಬೆಂಕಿ ಹೊತ್ತಿಸಿದ. ಒಬ್ಬೊಬ್ಬರಾಗಿ ಎಲ್ಲರೂ ಹೊತ್ತಿಸಿದರು. ಮುಖ ಕಾಣದವರ ಆ ಸಮಾಧಾನವನ್ನು ನಾನು ಮರೆಯಲಾರೆ.

ಮರುವಾರದಿಂದ ಬೇರೆ ಕತೆ. ಒಬ್ಬ ದಿನಾ ಫೋಟೋ ಕೇಳತೊಡಗಿದ. ಅವನ ಮಾತು ನನಗೆ ಬಾರದಂತೆ ಗುಂಡಿ ಒತ್ತಿ ಮುಚ್ಚಿದೆ. ಇನ್ನೊಬ್ಬ, ನಾನು ‘ಈ ಸಲ ಕಾಳಗಕ್ಕೆ ನಾನೂ ಬರಲೇ?’ ಎಂದದ್ದಕ್ಕೆ, ‘ಹೆಂಗಸರಿಗೆ ಅಡುಗೆಯೇ ಸರಿ’ ಎಂದುಬಿಟ್ಟ. ಅದೇ ಮೀನು, ಅದೇ ಒಲೆ. ಗಡ್ಡದವನು ಬೇಯಿಸಿದಾಗ ಅದು ವಿದ್ಯೆಯಾಗಿತ್ತು, ಬೇಯಿಸಿದ್ದು ಹೆಂಗಸೆಂದು ತಿಳಿದ ಕೂಡಲೇ ಅದಕ್ಕೆ ಬೆಲೆಯಿಲ್ಲ. ಹೊರಗಿನ ಲೋಕ ಬಾಗಿಲು ತಟ್ಟದೆ ಒಳಗೆ ಬಂದಂತಾಯಿತು. ಆದರೂ ನಾನು ಮೇಳ ಬಿಡಲಿಲ್ಲ. ಉಳಿದವರು ನನ್ನ ಪರ ನಿಂತರು, ಕಾಳಗಕ್ಕೂ ಹೋದೆ, ಎರಡು ನಿಮಿಷದಲ್ಲಿ ಸತ್ತೂ ಬಂದೆ!

ನಮ್ಮದು ಗಂಡಸರು ಹೆಣ್ಣುವೇಷ ಹಾಕಿ ಮೆರೆದ ನೆಲ. ಕೋಳ್ಯೂರು ರಾಮಚಂದ್ರ ರಾಯರಂಥವರು ಹೆಣ್ಣುವೇಷಕ್ಕೇ ಹೆಸರಾದರು. ಈಗ ಉಡುಪಿಯ ಹೈಸ್ಕೂಲುಗಳಲ್ಲಿ ಹೆಣ್ಣುಮಕ್ಕಳೂ ಗೆಜ್ಜೆ ಕಟ್ಟಿ ಯಕ್ಷಗಾನ ಕಲಿಯುತ್ತಾರೆ, ಗಂಡುವೇಷ ಹಾಕಿ ರಂಗಕ್ಕೆ ಬರುತ್ತಾರೆ. ಅವರು ವೇಷ ಬದಲಿಸುವುದು ಕಲೆಯ ಹಂಬಲದಿಂದ. ನಾನು ಬದಲಿಸಿದ್ದು ಉಪದ್ರ ತಡೆಯಲಾರದೆ. ಈ ವ್ಯತ್ಯಾಸ ಹೋಗಬೇಕು ಎಂಬುದೇ ನನ್ನ ಮೊದಲ ಆಸೆ.

ಎರಡನೆಯ ಆಸೆ, ಇಂಥ ಆಟ ಕನ್ನಡದಲ್ಲಿ ಬರಲಿ, ನಮ್ಮ ನೆಲದ್ದೇ ಆಗಿರಲಿ. ಪುಣೆಯವರು 2020ರಲ್ಲಿ ‘ರಾಜಿ’ ಎಂಬ ಆಟ ಮಾಡಿದ್ದಾರೆ, ನಮ್ಮ ಪುರಾಣಗಳಿಂದ ಕಟ್ಟಿದ್ದು, ನಾಯಕಿ ಒಬ್ಬ ಹುಡುಗಿ. ಅದು ಒಬ್ಬರೇ ಆಡುವಂಥದ್ದು. ಹಲವರು ಕೂಡಿ ಆಡುವಂಥದ್ದು ನಮ್ಮಲ್ಲೂ ಆಗಬಾರದೇಕೆ? ಇಂಥ ಉದ್ಯಮಕ್ಕೆಂದು ಕರ್ನಾಟಕ ಸರ್ಕಾರ 2012ರಲ್ಲೇ ಒಂದು ನೀತಿ ತಂದಿತ್ತು, 2024ರಲ್ಲಿ ಹೊಸ ನೀತಿಯನ್ನೂ ಪ್ರಕಟಿಸಿದೆ. ಮಣಿಪಾಲದಲ್ಲಿ ಓದುವ ಮಕ್ಕಳಿಗೆ ಬುದ್ಧಿಯೇನು ಕಮ್ಮಿಯೇ? ಕಾರ್ಕಳದ ಶಿಲ್ಪಿಗಳ ಕಲ್ಲುಕೆತ್ತನೆ, ಮಲ್ಪೆಯ ದೋಣಿ, ಮಟ್ಟು ಗುಳ್ಳದ ಬೇಸಾಯ, ಶಂಕರಪುರದ ಮಲ್ಲಿಗೆ ಕಟ್ಟುವುದು, ಎಲ್ಲಕ್ಕೂ ಮೆಟ್ಟಿಲು ಇಡಬಹುದು. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಅಷ್ಟನ್ನು ಕಟ್ಟುವ ಕೈಗೆ ಎಷ್ಟು ಅಂಕ ಕೊಡುತ್ತಾರೋ ನೋಡೋಣ!

ಮೂರನೆಯದು ಸಣ್ಣದು. ಕುಕ್ಕರ್ ಕೂಗಿದರೆ ಎದ್ದು ಹೋಗಿ ಬರುವಂತೆ ಆಟವಿರಲಿ. ನಡುವೆ ಎದ್ದರೆ ಸೋಲು ಎಂಬ ಆಟಗಳು ಮನೆ ನಡೆಸುವವರಿಗೆ ಹೇಳಿದ್ದಲ್ಲ.

ಮಕ್ಕಳು ಆಡುತ್ತಾರೆಂದು ಹೆದರುವ ತಾಯಂದಿರಿಗೆ, ನನಗೆ ಗೊತ್ತಿರುವ ನಾಲ್ಕು ಮಾತು:

1. ನಿಜ ಹೆಸರು, ಊರು, ಶಾಲೆ, ಫೋಟೋ ಯಾರಿಗೂ ಕೊಡಬಾರದು.

2. ಬ್ಯಾಂಕಿನ ಕಾರ್ಡನ್ನು ಆಟದಲ್ಲಿ ಉಳಿಸಿಡಬೇಡಿ. ಒಟಿಪಿ ಕೇಳಿದವರು ಕಳ್ಳರೇ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

3. ಅಸಹ್ಯ ಮಾತಾಡಿದವರನ್ನು ತಡೆಯುವ, ದೂರು ಕೊಡುವ ಗುಂಡಿ ಎಲ್ಲಿದೆಯೆಂದು ಮಗುವಿನೊಂದಿಗೆ ನೀವೂ ಕಲಿಯಿರಿ.

4. ಊಟ, ಓದು, ನಿದ್ದೆಯ ಹೊತ್ತಿಗೆ ಮೊಬೈಲು ಒಳಗೆ.

ಇಷ್ಟಾದ ಮೇಲೆ ಬೈಯುವ ಬದಲು ಒಂದು ದಿನ ಪಕ್ಕದಲ್ಲಿ ಕೂತು, ‘ನಿನ್ನದು ಯಾವ ವೇಷ?’ ಎಂದು ಕೇಳಿ ನೋಡಿ. ಗಂಟೆಗಟ್ಟಲೆ ಮಾತಾಡದ ಮಕ್ಕಳು ಬಾಯಿ ಬಿಡುತ್ತಾರೆ. ನನ್ನ ಮಗಳಿಗೆ ಈಗ ಹದಿನೈದು. ಅವಳು ಹೆಣ್ಣುವೇಷವನ್ನೇ ಆರಿಸಿಕೊಂಡಿದ್ದಾಳೆ, ‘ನಾನ್ಯಾಕೆ ಅಮ್ಮಾ ಗಡ್ಡ ಇಡಬೇಕು?’ ಎನ್ನುತ್ತಾಳೆ. ಇಡುವುದು ಬೇಡ. ಯಾರಾದರೂ ಹಿಂದೆ ಬಿದ್ದರೆ, ಹತ್ತಿರದಲ್ಲೇ ಒಬ್ಬ ಗಡ್ಡದವನು ಮೀನು ಬೇಯಿಸುತ್ತ ನಿಂತಿರುತ್ತಾನೆ.