ಕರೆಯದೆ ಉಳಿದ ಹೆಸರು



ಕಳೆದ ವಾರ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಕುಶಲಪ್ರಶ್ನೆಗಳಾದ ಮೇಲೆ ಆಕೆ ಕೇಳಿದ್ದು ಇಷ್ಟೇ: "ಸಾರ್, ನಮ್ಮ ಅಕ್ಕನ ಮಗಳು ಈಗ ಎಂಟನೇ ತರಗತಿ. ಎನ್‌ಎಂಎಂಎಸ್ ಪರೀಕ್ಷೆಗೆ ಹೆಸರು ಬರೆಸಬೇಕು. ಏನೇನು ಕಾಗದ ಬೇಕು?" ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಆದರೆ ಆ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ. ಕಾರಣವನ್ನು ಬರೆದಿಡುವುದು ಒಳ್ಳೆಯದೆಂದು ತೋರಿತು.

ಹುಣಸೂರು ಉಪವಿಭಾಗದ ತಾಲ್ಲೂಕುಗಳಲ್ಲೇ ನನ್ನ ಸೇವೆಯೆಲ್ಲ ಕಳೆಯಿತು. ಹೆಗ್ಗಡದೇವನಕೋಟೆಯಲ್ಲಿ ಆರಂಭಿಸಿ, ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು, ಕೃಷ್ಣರಾಜನಗರದಲ್ಲಿ ನಿವೃತ್ತನಾದೆ. ನಾನು ಸೇವೆಗೆ ಸೇರಿದ ಕಾಲದಲ್ಲಿ ಗ್ರಾಮೀಣ ಪ್ರತಿಭಾವಂತ ಮಕ್ಕಳಿಗೆಂದು ಒಂದು ರಾಷ್ಟ್ರೀಯ ವಿದ್ಯಾರ್ಥಿವೇತನವಿತ್ತು. 1971-72ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಪ್ರತಿಯೊಂದು ಅಭಿವೃದ್ಧಿ ಬ್ಲಾಕಿಗೂ ಇಂತಿಷ್ಟು ಎಂದು ಹಂಚಿಕೆಯಾಗುತ್ತಿತ್ತು. ಕೋಟೆಯ ಕಾಡಂಚಿನ ಹುಡುಗ ಕೋಟೆಯ ಮಕ್ಕಳೊಡನೆ ಸ್ಪರ್ಧಿಸಿದರೆ ಸಾಕಿತ್ತು. ಇಂದಿಗೂ ಅದು ನ್ಯಾಯವಾದ ಕ್ರಮವೆಂದೇ ನನ್ನ ಭಾವನೆ.

2008ರಲ್ಲಿ ಕೇಂದ್ರ ಸರ್ಕಾರ ಈಗಿನ ಯೋಜನೆಯನ್ನು ತಂದಿತು. ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿವೇತನ. ಅದರಲ್ಲಿ ನಮ್ಮ ರಾಜ್ಯದ ಪಾಲು 5,534. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡರವರೆಗೆ, ಅಂದರೆ ದ್ವಿತೀಯ ಪಿಯುಸಿ ಮುಗಿಯುವವರೆಗೆ, ತಿಂಗಳಿಗೆ 500 ರೂಪಾಯಿ. 2017ರಿಂದ ಅದು 1,000 ರೂಪಾಯಿಯಾಗಿದೆ. ಎರಡು ಪತ್ರಿಕೆಗಳಿರುತ್ತವೆ. ಮಾನಸಿಕ ಸಾಮರ್ಥ್ಯಕ್ಕೆ 90 ಪ್ರಶ್ನೆ, ವಿಜ್ಞಾನ, ಸಮಾಜ, ಗಣಿತಗಳಿಗೆ ಸೇರಿ 90 ಪ್ರಶ್ನೆ. ತಲಾ ತೊಂಬತ್ತು ನಿಮಿಷ. ಪರೀಕ್ಷೆಗೆ ಕೂರಲು ಏಳನೇ ತರಗತಿಯಲ್ಲಿ ಶೇಕಡ 55 ಅಂಕ ಸಾಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡ 50. ಕುಟುಂಬದ ವಾರ್ಷಿಕ ಆದಾಯದ ಮಿತಿ ಆಗ ಒಂದೂವರೆ ಲಕ್ಷ, ಈಗ ಮೂರೂವರೆ ಲಕ್ಷ. ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ ಅವಕಾಶ. ಊಟ ವಸತಿಗಳನ್ನು ಸರ್ಕಾರವೇ ನೀಡುವ ವಸತಿ ಶಾಲೆಗಳವರಿಗೆ ಇಲ್ಲ.

ಈ ನಿಯಮಗಳಲ್ಲಿ ಎಲ್ಲಿಯೂ "ಶಾಲೆಯು ತನ್ನ ಜಾಣ ಮಕ್ಕಳನ್ನು ಆರಿಸಿ ಕಳಿಸಲಿ" ಎಂದಿಲ್ಲ ಎಂಬುದನ್ನು ಗಮನಿಸಿರಿ. ನಾನು ಮಾಡಿದ್ದು ಮಾತ್ರ ಅದನ್ನೇ.

2009ನೆಯ ಇಸವಿ. ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಬೋಧಿಸುತ್ತಿದ್ದೆ. ಸುತ್ತೋಲೆ ಬಂದಾಗ ಅರ್ಜಿ ತುಂಬಿಸುವ ಹೊಣೆ ನನ್ನ ಪಾಲಿಗೆ ಬಿತ್ತು. ಪ್ರತಿಯೊಬ್ಬರಿಗೂ ಆದಾಯ ಪ್ರಮಾಣಪತ್ರ ಬೇಕು, ಜಾತಿ ಪ್ರಮಾಣಪತ್ರ ಬೇಕು, ಭಾವಚಿತ್ರ ಬೇಕು. ಅರವತ್ತು ಮಕ್ಕಳಿಗೆ ಇದನ್ನೆಲ್ಲ ಯಾರು ಹೊಂದಿಸುವರು? ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಏಳು ಹೆಸರುಗಳನ್ನು ಕರೆದೆ. ಕೈಬರಹ ಚೆನ್ನಾಗಿದ್ದವರು, ಮುಂದಿನ ಬೆಂಚಿನವರು, ದಿನವೂ ಬರುತ್ತಿದ್ದವರು. ಅಂದು ಅದು ನನಗೆ ಅತ್ಯಂತ ಸಹಜವಾಗಿ ಕಂಡಿತು.

ನಮ್ಮ ಸೀಮೆಯಲ್ಲಿ ಆ ದಿನಗಳು ಹೊಗೆಸೊಪ್ಪಿನ ಕಾಲ. ಎಲೆ ಮುರಿದು ತಂದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ, ಹಗಲಿರುಳು ಬೆಂಕಿ ಕಾಯಬೇಕು. ಎಲೆ ಕಟ್ಟುವ ಕೆಲಸಕ್ಕೆ ಮನೆಯ ಹೆಣ್ಣುಮಕ್ಕಳೆಲ್ಲ ಬೇಕು. ಹಾಜರಿ ಪುಸ್ತಕದಲ್ಲಿ ಆ ಎರಡು ಮೂರು ತಿಂಗಳು ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತೇ ಹೆಚ್ಚು. ಹಿಂದಿನ ಬೆಂಚಿನ ಒಬ್ಬ ಹುಡುಗಿಯೂ ಅವರಲ್ಲೊಬ್ಬಳು. ಶಾಲೆಗೆ ಬಂದ ದಿನವೂ ತೂಕಡಿಸುತ್ತಿದ್ದಳು. ಬೆರಳುಗಳಲ್ಲಿ ಸೊಪ್ಪಿನ ಅಂಟು ಕಪ್ಪಾಗಿರುತ್ತಿತ್ತು.

ಪರೀಕ್ಷೆ ಮುಗಿದ ಮೇಲೆ ಒಂದು ದಿನ, ಅದೇ ಬಗೆಯ ಲೆಕ್ಕವೊಂದನ್ನು ಕುತೂಹಲಕ್ಕೆಂದು ಕರಿಹಲಗೆಯ ಮೇಲೆ ಬರೆದೆ: 2, 6, 12, 20, 30, ಮುಂದಿನದೇನು? ಏಳು ಜನರೂ ಪೆನ್ನು ಹಿಡಿದರು. ಹಿಂದಿನಿಂದ ಮೆಲ್ಲನೆಯ ದನಿಯೊಂದು ಬಂದಿತು: "ನಲವತ್ತೆರಡು ಸಾರ್. ಪ್ರತಿ ಸಲ ಎರಡೆರಡು ಜಾಸ್ತಿ ಕೂಡಿಕೊಂಡು ಹೋಗ್ತಾ ಇದೆ." ಮತ್ತೆ ಮೂರು ಲೆಕ್ಕ ಕೊಟ್ಟೆ. ಮೂರನ್ನೂ ಬಾಯಲ್ಲೇ ಬಿಡಿಸಿದಳು. "ನೀನು ಪರೀಕ್ಷೆಗೆ ಯಾಕಮ್ಮ ಕೂರಲಿಲ್ಲ?" ಎಂದೆ. "ನನ್ನ ಹೆಸರು ಕರೀಲಿಲ್ಲ ಸಾರ್" ಎಂದಳು. ಆ ಮಾತಿನಲ್ಲಿ ದೂರಿರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ದಾಖಲೆ ತೆಗೆದು ನೋಡಿದೆ. ಏಳನೇ ತರಗತಿಯಲ್ಲಿ ಆಕೆಗೆ ಶೇಕಡ 61 ಅಂಕವಿತ್ತು. ಮರುವರ್ಷ ಕೂರಿಸೋಣವೆಂದರೆ ಆ ಪರೀಕ್ಷೆ ಇರುವುದು ಎಂಟನೇ ತರಗತಿಗೆ ಮಾತ್ರ. ನಲವತ್ತೆಂಟು ತಿಂಗಳು, ತಿಂಗಳಿಗೆ ಐನೂರರಂತೆ, ಇಪ್ಪತ್ತನಾಲ್ಕು ಸಾವಿರ ರೂಪಾಯಿ. ಕೂತಿದ್ದರೆ ಗೆಲ್ಲುತ್ತಿದ್ದಳೆಂದು ನಾನು ಹೇಳಲಾರೆ. ಕೂರುವ ಹಕ್ಕು ಇದ್ದೇ ಇತ್ತು, ಅದನ್ನು ತಡೆದವನು ನಾನು. ಎಸ್ಸೆಸ್ಸೆಲ್ಸಿಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದ ಆಕೆಯನ್ನು ಮನೆಯವರು ಮುಂದೆ ಓದಿಸಲಿಲ್ಲ. ಕಳೆದ ವಾರ ದೂರವಾಣಿ ಮಾಡಿದವಳು ಅವಳೇ.

ಮರುವರ್ಷದಿಂದ ನಾನು ಹೆಸರು ಕರೆಯುವುದನ್ನು ನಿಲ್ಲಿಸಿದೆ. ಜೂನ್ ತಿಂಗಳಲ್ಲೇ ಅಂಕಪಟ್ಟಿ ನೋಡಿ, ಅರ್ಹರಾದವರೆಲ್ಲರ ಪಟ್ಟಿಯನ್ನು ಗೋಡೆಗೆ ಅಂಟಿಸುತ್ತಿದ್ದೆ. ಸೊಪ್ಪಿನ ಕೆಲಸ ಬಿರುಸಾಗುವ ಮುನ್ನವೇ ಪೋಷಕರನ್ನು ನಾಡಕಚೇರಿಗೆ ಕಳಿಸುತ್ತಿದ್ದೆ. ಕೃಷ್ಣರಾಜನಗರಕ್ಕೆ ವರ್ಗವಾದ ಮೇಲೆಯೂ ಈ ಪದ್ಧತಿಯನ್ನು ಬಿಡಲಿಲ್ಲ. ಅಲ್ಲಿ ಸೊಪ್ಪಿನ ಬದಲು ಭತ್ತದ ನಾಟಿ, ಅಷ್ಟೇ ವ್ಯತ್ಯಾಸ. ಕೆಲವು ವರ್ಷ ಒಬ್ಬರು, ಕೆಲವು ವರ್ಷ ಮೂವರು ಆಯ್ಕೆಯಾದರು. ಅವರಲ್ಲಿ ಇಬ್ಬರು ನಾನು ಹಳೆಯ ರೀತಿಯಲ್ಲಿ ಎಂದೂ ಕರೆಯದಿದ್ದಂತಹ ಮಕ್ಕಳು.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ, ಪೋಷಕರಾಗಿದ್ದೀರಿ. ಆಯ್ಕೆಯನ್ನು ಪರೀಕ್ಷೆ ಮಾಡುತ್ತದೆಂದು ನಾವು ಭಾವಿಸುತ್ತೇವೆ. ಅದಕ್ಕೂ ಮುನ್ನ ಶಿಕ್ಷಕರ ಕೊಠಡಿಯಲ್ಲಿ ಒಂದು ಆಯ್ಕೆ ಸದ್ದಿಲ್ಲದೆ ಮುಗಿದಿರುತ್ತದೆ. ನಿಮ್ಮ ಊರಿನ ಶಾಲೆಗೆ ಒಮ್ಮೆ ಹೋಗಿ, ಅರ್ಹರೆಲ್ಲರ ಅರ್ಜಿ ಹೋಗಿದೆಯೇ ಎಂದು ವಿಚಾರಿಸಿರಿ. ಮಗುವಿನ ಹೆಸರು ಆಧಾರ್, ಬ್ಯಾಂಕ್ ಪುಸ್ತಕ, ಶಾಲಾ ದಾಖಲೆಗಳಲ್ಲಿ ಒಂದೇ ರೀತಿ ಇರಲಿ. ಆಯ್ಕೆಯಾದ ಮೇಲೆ ಪ್ರತಿವರ್ಷವೂ ನವೀಕರಣ ಮಾಡಿಸಬೇಕು, ಸರ್ಕಾರಿ ಅಥವಾ ಅನುದಾನಿತ ಸಂಸ್ಥೆಯಲ್ಲೇ ಓದು ಮುಂದುವರಿಸಬೇಕು ಎಂಬುದನ್ನೂ ತಿಳಿಸಿರಿ.

ದೂರವಾಣಿ ಇಡುವ ಮುನ್ನ ಆಕೆ ಹೇಳಿದಳು: "ನಾನೇ ಶಾಲೆಗೆ ಹೋಗಿ ಮೇಷ್ಟ್ರಿಗೆ ಹೇಳಿ ಬರ್ತೀನಿ ಸಾರ್, ಇವಳ ಹೆಸರು ಬಿಡಬೇಡಿ ಅಂತ." ನಾನು "ಹೋಗಿ ಬಾ ತಾಯಿ" ಎಂದೆ. ಅದಕ್ಕಿಂತ ಹೆಚ್ಚಿನ ಮಾತು ನನ್ನಿಂದ ಹೊರಡಲಿಲ್ಲ.