ಭೋಸರಿಯ ರಾತ್ರಿ ಪಾಳಿ

ಪುಣೆಯಿಂದ ಹೊರಟ ಲೋಣಾವಳಾ ಲೋಕಲ್ ಖಡಕಿ, ದಾಪೋಡಿ, ಕಾಸಾರವಾಡಿ ದಾಟಿ ಪಿಂಪ್ರಿಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಕತ್ತಲು ಆಕಾಶಕ್ಕಷ್ಟೇ, ಕೆಳಗೆ ಊರಿಗೆ ಊರೇ ದುಡಿಮೆಗೆ ಹೊರಟಿತ್ತು. 1954ರಲ್ಲಿ ಇಲ್ಲಿ ಹಿಂದುಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. ಆಮೇಲೆ ಟಾಟಾ, ಬಜಾಜ್. ಅವುಗಳ ಬೆನ್ನಿಗೆ ಬಿಡಿಭಾಗ ಮಾಡುವ ಲೆಕ್ಕವಿಲ್ಲದಷ್ಟು ಸಣ್ಣ ಶೆಡ್ಡುಗಳು. ಆ ಶೆಡ್ಡುಗಳಲ್ಲಿ ವಿಜಯಪುರ, ಕಲಬುರಗಿ, ಬೀದರದ ಕನ್ನಡ ಕಿವಿಗೆ ಬೀಳುತ್ತದೆ.

ನನ್ನನ್ನು ಭೋಸರಿಗೆ ಕರೆದೊಯ್ದವನೂ ಇಂಡಿ ಕಡೆಯ ಹುಡುಗ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಆಪರೇಟರ್. ನಡುರಾತ್ರಿ ಅವನ ಕೆಲಸ ನೋಡುತ್ತ ನಿಂತೆ. ಕಬ್ಬಿಣದ ತುಂಡನ್ನು ಚಕ್ಕಿಗೆ ಕಚ್ಚಿಸಿ, ಬಾಗಿಲೆಳೆದು ಗುಂಡಿ ಒತ್ತಿದರೆ ಬೆಳ್ಳನೆಯ ಕೂಲಂಟ್ ಗಾಜಿಗೆ ಚಿಮ್ಮುತ್ತದೆ, ಲೋಹದ ಸುರುಳಿಗಳು ಉದುರುತ್ತವೆ. ತಯಾರಾದ ಬಿಡಿಭಾಗವನ್ನು, ಅಂದರೆ ಜಾಬ್ ಅನ್ನು, ಹೊರತೆಗೆದು, ವರ್ನಿಯರ್ ಹಿಡಿದು ಅಳೆದು, ಟ್ರೇಗೆ ಇಡುತ್ತಾನೆ. ಪಕ್ಕದ ಹಲಗೆಯ ಮೇಲೆ ಎಣ್ಣೆಗೈಯ ಗುರುತು ಬಿದ್ದ, ಆ ಜಾಬಿನ ಡ್ರಾಯಿಂಗ್.

ಅದನ್ನು ನೋಡುತ್ತಿದ್ದಂತೆ 2019ರ ಪ್ರಯೋಗವೊಂದು ನೆನಪಾಗಿ ಮೈ ಜುಮ್ಮೆಂದಿತು. ಜ್ಯೂರಿಕ್ ಮತ್ತು ಮ್ಯೂನಿಕ್‌ನ ವಿಜ್ಞಾನಿಗಳು ಇಲಿಯ ಮಿದುಳಿನಲ್ಲಿ ನರಕೋಶಗಳು ಒಂದಕ್ಕೊಂದು ಕೂಡುವ ಸಂಧಿಗಳನ್ನು ಹೊತ್ತುಹೊತ್ತಿಗೆ ಪರೀಕ್ಷಿಸಿದರು. ಅಲ್ಲಿಗೆ ಬರುವ ಆರ್‌ಎನ್‌ಎಗಳಲ್ಲಿ, ಅಂದರೆ ಜೀನ್‌ಗಳ ನಕಲುಗಳಲ್ಲಿ, ಸುಮಾರು ಮೂರನೇ ಎರಡು ಭಾಗ ದಿನದ ಲಯಕ್ಕೆ ಏರಿಳಿಯುತ್ತಿದ್ದವು. ಒಂದು ಗುಂಪು ಏಳುವ ಹೊತ್ತಿಗೆ ಮುಂಚೆ, ಇನ್ನೊಂದು ಮಲಗುವ ಹೊತ್ತಿಗೆ ಮುಂಚೆ ಹಾಜರು. ಇಲಿಗಳಿಗೆ ನಿದ್ದೆ ಕೊಡದೆ ನೋಡಿದರು. ಆರ್‌ಎನ್‌ಎ ತನ್ನ ಹೊತ್ತಿಗೆ ಬಂದೇ ಬಂತು. ಪ್ರೋಟೀನುಗಳ ಏರಿಳಿತ ಮಾತ್ರ ಹೆಚ್ಚುಕಡಿಮೆ ನಿಂತೇಹೋಯಿತು. ದೇಹದ ಗಡಿಯಾರ ಡ್ರಾಯಿಂಗ್ ತಂದಿಟ್ಟು ಹೋಗುತ್ತದೆ, ಜಾಬ್ ಇಳಿಯಬೇಕಾದರೆ ನಿದ್ದೆಯೇ ಬರಬೇಕು! ಜೀನ್‌ನ ಅಕ್ಷರ ಒಂದೂ ಬದಲಾಗಿಲ್ಲ, ಅದನ್ನು ಓದಿ ಬಳಸುವ ರೀತಿ ಬದಲಾಗಿದೆ. ಇದಕ್ಕಿಂತ ದೊಡ್ಡ ಬೆರಗನ್ನು ನಾನು ಯಾವ ಘಟ್ಟದ ತುದಿಯಲ್ಲೂ ಕಂಡಿಲ್ಲ.

ನಿದ್ದೆಯ ವಿಜ್ಞಾನಿಗಳಾದ ಕ್ಯಾರಾ ಚಿರೆಲ್ಲಿ ಮತ್ತು ಜೂಲಿಯೊ ಟೊನೋನಿ 2004ರಲ್ಲೇ ಇದರ ಸುಳಿವು ಕೊಟ್ಟಿದ್ದರು. ಹೆಗ್ಗಣದ ಮಿದುಳಿನ ಹೊರಪದರದಲ್ಲಿ ಹಗಲು ರಾತ್ರಿಗೆ ಬದಲಾಗುವ ಜೀನ್‌ಗಳು ಶೇಕಡಾ 10ರಷ್ಟು. ಅವುಗಳಲ್ಲಿ ಅರ್ಧದಷ್ಟು ಜೀನ್‌ಗಳು ಗಂಟೆ ಎಷ್ಟೆಂದು ನೋಡುವುದೇ ಇಲ್ಲ, ಪ್ರಾಣಿ ಮಲಗಿದೆಯೋ ಎದ್ದಿದೆಯೋ ಎಂಬುದನ್ನಷ್ಟೇ ನೋಡುತ್ತವೆ. ಎಚ್ಚರದಲ್ಲಿ ಶಕ್ತಿ ಒದಗಿಸುವ, ಒತ್ತಡ ತಾಳುವ ಜೀನ್‌ಗಳ ಭರಾಟೆ. ನಿದ್ದೆಯಲ್ಲಿ ಪ್ರೋಟೀನ್ ಕಟ್ಟುವ, ಕೋಶದ ಪೊರೆ ಕಾಪಾಡುವ ಜೀನ್‌ಗಳ ಸರದಿ.

ಬೆಳಿಗ್ಗೆ ಪಾಳಿ ಬಿಟ್ಟಮೇಲೆ ಚಿಂಚವಾಡದಲ್ಲಿ ಪವನಾ ದಂಡೆಯ ಮೋರಯಾ ಗೋಸಾವಿ ಸಮಾಧಿಗೆ ಹೋದೆವು. ಮೆಟ್ಟಿಲ ಮೇಲೆ ಕೂತು ಹುಡುಗ ಕಣ್ಣುಜ್ಜಿಕೊಂಡ. ‘ಹಗಲೊತ್ತು ಎಷ್ಟ್ ಮಲಗಿದ್ರೂ ನಿದ್ದಿ ತುಂಬಂಗಿಲ್ರಿ ಕಾಕಾ. ಐತವಾರ ದಿನಾಪೂರ್ತಿ ಮಲ್ಕೊಂಡ್ರ ಸರಿಯಾಗ್ತದೇನ್ರಿ?’

ಹೌದಪ್ಪಾ ಎನ್ನಲು ಬಾಯಿ ಬರಲಿಲ್ಲ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದವರು 26 ಜನರನ್ನು ಒಂದು ವಾರ ದಿನಕ್ಕೆ ಆರು ತಾಸಿಗಿಂತ ಕಡಿಮೆ ಮಲಗಿಸಿ ನೋಡಿ, ಅವರ ರಕ್ತದಲ್ಲಿ 711 ಜೀನ್‌ಗಳ ಚಟುವಟಿಕೆ ಬದಲಾದದ್ದನ್ನು 2013ರಲ್ಲಿ ಪ್ರಕಟಿಸಿದ್ದನ್ನು ಹೇಳಿದೆ. ಬದುಕಿರುವ ಮನುಷ್ಯನ ಮಿದುಳನ್ನು ಹಾಗೆ ತೆಗೆದು ನೋಡಲಾಗದು, ಅದಕ್ಕೇ ಇಲಿ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಇಲಿಗಳನ್ನು ಬರೀ ಆರು ತಾಸು ಎಚ್ಚರವಿರಿಸಿದ್ದರು. ಅವು ಮಲಗಿ ಎದ್ದು ಚೇತರಿಸಿಕೊಂಡವು, ನಿದ್ದೆ ಮಾಮೂಲಿಗೆ ಬಂತು. ಆದರೂ ಮಿದುಳಿನಲ್ಲಿ ಗಡಿಯಾರದ ಜೀನ್‌ಗಳ ಏರಿಳಿತ ಕುಗ್ಗಿಯೇ ಇತ್ತು. ಹಣ್ಣುನೊಣದಲ್ಲಿ ಬಿಡಿಸಿ ತೋರಿಸಿದವರಿಗೆ 2017ರ ನೊಬೆಲ್ ತಂದುಕೊಟ್ಟ ಗಡಿಯಾರವದು.

‘ಆರ ತಾಸಿಗೇನ್ರಿ?’ ಎಂದವನು, ಮುಂದಿನ ವಾರ ಮೊದಲ ಪಾಳಿಗೆ ಹಾಕಿಸಿಕೊಳ್ಳಬೇಕೆಂದು ಅಲ್ಲೇ ಸೂಪರ್‌ವೈಸರನಿಗೆ ಫೋನ್ ಹಚ್ಚಿದ.