ಎಡೇಹಳ್ಳಿಯ ಗ್ರಂಥಗಳು

ಕೋಷ್ಟಕಗಳಿಗೂ ಒಂದು ಬೀಜಗಣಿತವುಂಟೆಂದು ಕಾಡ್ ಎಂಬ ಗಣಿತಜ್ಞನು 1970ರಲ್ಲಿ ತೋರಿಸಿಕೊಟ್ಟನು. ಡ್ಯೂಕ್ ವಿಶ್ವವಿದ್ಯಾಲಯದ ಜುನ್ ಯಾಂಗ್ ಎಂಬ ಆಚಾರ್ಯರು ರಚಿಸಿದ ‘ಆರ್‌ಎಡಿಬಿ’ ಎಂಬ ಸಾಧನವು ಆ ಗಣಿತದ ಭಾಷೆಯಲ್ಲಿಯೇ ಪ್ರಶ್ನೆಗಳನ್ನು ಸ್ವೀಕರಿಸುತ್ತದೆ. ಪೈಥಾನ್ ಇರುವ ಗಣಕದಲ್ಲಿ ಒಂದೇ ಸಾಲಿನ ಆಜ್ಞೆಯಿಂದ ಅದು ನೆಲೆಗೊಳ್ಳುವುದು. ಕೊಪ್ಪದ ಮಳೆಗೆ ವಿದ್ಯುತ್ತು ನಿಲ್ಲುವುದರೊಳಗೆ ಮುಗಿದರಾಯಿತು. ಪ್ರಶ್ನೆಯ ಕೊನೆಯಲ್ಲಿ ಅರ್ಧವಿರಾಮವನ್ನಿಡುವವರೆಗೂ ಅದು ಮೌನವಾಗಿರುವುದು, ಶ್ಲೋಕದ ಪೂರ್ಣದಂಡಕ್ಕಾಗಿ ಕಾಯುವ ಶಿಷ್ಯನಂತೆ.

ನಮ್ಮ ಪಿತಾಮಹರು ಎರವಲು ಕೊಟ್ಟ ಗ್ರಂಥಗಳ ಪಟ್ಟಿಯೊಂದು. ಹಿಂದಿರುಗಿ ಬಂದವುಗಳನ್ನು ತೀರ್ಥರೂಪರು ಬರೆದಿಟ್ಟ ಪಟ್ಟಿ ಇನ್ನೊಂದು. ಎರಡನ್ನೂ ತುಂಬಿಸಿ ಮೊದಲನೆಯದರಿಂದ ಎರಡನೆಯದನ್ನು ಕಳೆದೆನು. ಉಳಿದವು ಹನ್ನೆರಡು; ಹನ್ನೊಂದು ಎಡೇಹಳ್ಳಿಯ ಒಂದೇ ಮನೆಗೆ ಹೋದವು! ಆ ಮನೆಯವರು ಗ್ರಂಥಗಳನ್ನು ನುಂಗಿದರೆಂಬ ಮಾತು ನಮ್ಮಲ್ಲಿ ಎರಡು ತಲೆಮಾರಿನಿಂದ ನಡೆದುಬಂದುದು. ಆದರೆ 1915ರಲ್ಲಿ ಎಡೇಹಳ್ಳಿಯು ನರಸಿಂಹರಾಜಪುರವಾಯಿತಷ್ಟೆ. ತೀರ್ಥರೂಪರು ಬರೆದುದು ಹೊಸ ಹೆಸರನ್ನು. ಯಂತ್ರಕ್ಕೆ ಅವು ಎರಡು ಊರುಗಳು.

ಈ ಗಣಿತದಲ್ಲಿ ಪುನರ್ನಾಮಕರಣವೆಂಬ ಕ್ರಿಯೆಯುಂಟು. ಆದರೆ ಅದು ಅಂಕಣದ ಹೆಸರನ್ನು ಬದಲಿಸುವುದೇ ಹೊರತು ಊರಿನದನ್ನಲ್ಲ. ಆದುದರಿಂದ ಹಳೆಯ ಹೊಸ ಹೆಸರುಗಳ ಮೂರನೆಯ ಕೋಷ್ಟಕವನ್ನು ಕೂಡಿಸಬೇಕು. ಹೆಸರು ಬದಲಾಗದ ಊರುಗಳನ್ನೂ ಅದರಲ್ಲಿ ಬರೆಯತಕ್ಕದ್ದು. ಇಲ್ಲವಾದರೆ ಕೂಡಿಸುವಾಗ ಅವು ಬಿದ್ದುಹೋಗುವುವು. ಹಾಗೆ ಮಾಡಿ ಮತ್ತೆ ಕಳೆದೆನು. ಉಳಿದುದು ಒಂದೇ ಗ್ರಂಥ. ಅದು ಶೃಂಗೇರಿಯಲ್ಲಿರುವ ನಮ್ಮ ಬಂಧುಗಳ ಮನೆಗೆ ಹೋದುದು.